ಸುಬೇದಾರರ ಒಂದು ದಿನದ ತರಬೇತಿ: ಖಂಡಿತ ಕರೆಸಿ, ರಿಜಿಸ್ಟರ್ ಪಾಠಕ್ಕೆ ಜಾಸ್ತಿ ಹೊತ್ತು ಕೇಳಿ

ದೊಡ್ಡ ಅಪಘಾತ ಆದಾಗ ಊರಿನವರೇ ಮೊದಲು ಏನು ಮಾಡಬೇಕು ಅಂತ ಕಲಿಸುವ ಈ ಪ್ರಥಮ ಚಿಕಿತ್ಸೆ ತರಬೇತಿಯನ್ನು ನಿಮ್ಮ ಊರಿಗೂ ಕರೆಸಿಕೊಳ್ಳಿ. ತಲೆಗೆ 300 ರೂಪಾಯಿ. ಕನಿಷ್ಠ 25 ಜನ ಸೇರಬೇಕು. ಒಂದು ಹಾಲ್, ಪಕ್ಕದಲ್ಲಿ ಸ್ವಲ್ಪ ಇಳಿಜಾರು ಜಾಗ, ಎರಡು ಬಿದಿರು ಗಳ, ನಾಲ್ಕು ಕಾಫಿ ಗೋಣಿ ಇದ್ದರೆ ಸಾಕು. ಉಳಿದದ್ದೆಲ್ಲ ಅವರೇ ತರುತ್ತಾರೆ. ಊಟ ಮಾತ್ರ ಊರಿನವರದ್ದು. ನಮ್ಮ ಸ್ತ್ರೀಶಕ್ತಿ ಸಂಘದವರು ಸೇರಿ ಒಂದು ಭಾನುವಾರ ಕೊಡಗಿನ ಮಕ್ಕಂದೂರಿನಲ್ಲಿ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಶುರು, ಸಂಜೆ ಐದಕ್ಕೆ ಮುಗಿಯಿತು.

ತಂಡಕ್ಕೆ ಹೆಸರಿಲ್ಲ, ಬೋರ್ಡೂ ಇಲ್ಲ. ನಮ್ಮ ಕಡೆ ಎಲ್ಲರೂ ‘ಸುಬೇದಾರರ ಟ್ರೇನಿಂಗ್’ ಅಂತಲೇ ಹೇಳುತ್ತಾರೆ. ಇರೋದು ಮೂರೇ ಜನ. ಒಬ್ಬರು ಸೇನೆಯ ಮೆಡಿಕಲ್ ಕೋರ್‌ನಿಂದ ನಿವೃತ್ತರಾದ ಸುಬೇದಾರರು. ಇನ್ನೊಬ್ಬರು 108 ಆಂಬುಲೆನ್ಸ್‌ನಲ್ಲಿ ಕೆಲಸ ಮಾಡಿದ್ದ ನರ್ಸ್. ಮೂರನೆಯವರು ನಿವೃತ್ತ ಹೆಡ್‌ಮಾಸ್ಟರ್. ಹೆಡ್‌ಮಾಸ್ಟರ್ ಇಲ್ಲೇನು ಮಾಡುತ್ತಾರೆ ಅಂತ ನಮಗೆಲ್ಲ ಬೆಳಿಗ್ಗೆ ಆಶ್ಚರ್ಯವಾಗಿತ್ತು. ಅವರ ಪಾಠದ ಬಗ್ಗೆಯೇ ನನಗೆ ಹೇಳೋದು ಜಾಸ್ತಿ ಇದೆ.

ಪ್ರಥಮ ಚಿಕಿತ್ಸೆ ತರಬೇತಿ ಅಂದರೆ ಹಾವು ಕಚ್ಚಿದರೆ ಏನು, ಕೈ ಮುರಿದರೆ ಏನು ಅಂತ ಹೇಳಿ ಹೋಗುವುದು ರೂಢಿ. ಇವರು ಹಾಗಲ್ಲ. ಇಡೀ ದಿನದ ಪಾಠವನ್ನು ವಿಮಾನ ಅಪಘಾತಗಳ ಮೇಲೆ ಕಟ್ಟಿದ್ದಾರೆ. ಮಂಗಳೂರು 2010, ಕೇರಳದ ಕರಿಪುರ 2020, ಕೂನೂರು 2021, ಅಹಮದಾಬಾದ್ 2025. ಪ್ರತಿಯೊಂದರಲ್ಲೂ ಅವರು ಕೇಳೋ ಪ್ರಶ್ನೆ ಒಂದೇ. ಅಲ್ಲಿನ ಊರಿನವರು ಏನು ಮಾಡಿದರು?

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಣ್ಣ ನೇರವಾಗಿ ಕೇಳಿಯೇಬಿಟ್ಟರು, "ಸರ್, ಕೊಡಗಿಗೆ ಏರ್‌ಪೋರ್ಟೇ ಇಲ್ಲ. ರೈಲೂ ಇಲ್ಲ. ಇದೆಲ್ಲ ನಮಗ್ಯಾಕೆ?"

ಸುಬೇದಾರರಿಗೆ ಸಿಟ್ಟು ಬರಲಿಲ್ಲ. "ನಂಜಪ್ಪಸತ್ರಕ್ಕೂ ಏರ್‌ಪೋರ್ಟ್ ಇರ್ಲಿಲ್ಲ ಅಣ್ಣ" ಅಂದರು.

ನಂಜಪ್ಪಸತ್ರ ನೀಲಗಿರಿಯಲ್ಲಿ ಕೂನೂರಿನ ಹತ್ತಿರದ ಪುಟ್ಟ ಊರು. ಸುತ್ತ ಚಹಾ ತೋಟ, ಇಳಿಜಾರು, ಕಾಡು, ಮಂಜು. ನಮ್ಮ ಕಡೆ ತೋಟದ ಕೆಲಸಗಾರರಿರುವ ಲೈನ್‌ಮನೆಗಳ ಹಾಗೆಯೇ ಒತ್ತೊತ್ತಾದ ಮನೆಗಳು. 2021ರ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರಿದ್ದ ವಾಯುಪಡೆಯ ಹೆಲಿಕಾಪ್ಟರ್ ಬಿದ್ದಿದ್ದು ಅಲ್ಲೇ. ಸೂಲೂರಿನಿಂದ ವೆಲಿಂಗ್ಟನ್‌ಗೆ ಹೊರಟಿತ್ತು. ಒಳಗೆ 14 ಜನ ಇದ್ದರು. 13 ಜನ ಅವತ್ತೇ ತೀರಿಕೊಂಡರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಹೋರಾಡಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೊದಲು ಓಡಿದ್ದು ಆ ಊರಿನವರು. ಬೆಂಕಿಗೆ ಹಾಕಲು ಕೊಡಗಳಲ್ಲಿ ನೀರು ತಂದರು. ಎತ್ತಿಕೊಂಡು ಹೋಗಲು ಮನೆಯ ಕಂಬಳಿ, ಬೆಡ್‌ಶೀಟ್ ಕೊಟ್ಟರು. ಆಮೇಲೆ ಸೇನೆಯ ಅಧಿಕಾರಿಗಳು ಆ ಊರಿಗೆ ಬಂದು ಕೈಮುಗಿದು ಧನ್ಯವಾದ ಹೇಳಿದರು. ಒಂದು ವರ್ಷ ಊರನ್ನು ದತ್ತು ತಗೊಂಡು ವೈದ್ಯಕೀಯ ತಪಾಸಣೆ ಮಾಡಿಸುತ್ತೇವೆ ಅಂದರು.

ಕೊಡಗಿನಲ್ಲಿ ಸೇನೆಗೆ ಹೋದವರಿಲ್ಲದ ಊರಿಲ್ಲ. ಆ ಹೆಸರುಗಳನ್ನು ಕೇಳುತ್ತಿದ್ದ ಹಾಗೆ ಹಾಲ್ ಪೂರ್ತಿ ಸುಮ್ಮನಾಯಿತು. ಪ್ರಶ್ನೆ ಕೇಳಿದ ಅಣ್ಣನ ಮಗನೂ ಸೇನೆಯಲ್ಲಿದ್ದಾನೆ. ಅವರು ಆಮೇಲೆ ಇಡೀ ದಿನ ಎದ್ದು ಹೋಗಲಿಲ್ಲ.

ಬೆಳಗಿನ ಹೊತ್ತು ನರ್ಸ್ ಅವರದ್ದು. ರಕ್ತ ಸೋರುತ್ತಿದ್ದರೆ ಬಟ್ಟೆ ಮಡಚಿ ಗಾಯದ ಮೇಲೆ ನೇರವಾಗಿ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ. ಸುಟ್ಟ ಗಾಯಕ್ಕೆ ತಣ್ಣೀರು, ಟೂತ್‌ಪೇಸ್ಟ್ ಬೇಡವೇ ಬೇಡ. ಇದೆಲ್ಲ ಚೆನ್ನಾಗಿ ಹೇಳಿಕೊಟ್ಟರು. ಒಂದೇ ತೊಂದರೆ. ಎದೆ ಒತ್ತಿ ಕಲಿಯೋ ಬೊಂಬೆ ಒಂದೇ ಇತ್ತು. ನಾವು ಮೂವತ್ತಕ್ಕೂ ಜಾಸ್ತಿ ಜನ. ಹಿಂದೆ ನಿಂತವರಿಗೆ ಕೈ ಹಾಕೋಕೆ ಅವಕಾಶ ಸಿಗುವಷ್ಟರಲ್ಲಿ ಕಾಫಿ ಹೊತ್ತಾಯಿತು. 300 ರೂಪಾಯಿ ತಗೊಂಡ ಮೇಲೆ ಇನ್ನೊಂದು ಬೊಂಬೆ ತರಲೇಬೇಕು. ಅವರಿಗೂ ಇದನ್ನು ಮುಖಕ್ಕೇ ಹೇಳಿದ್ದೇನೆ.

ನರ್ಸ್ ಹೇಳಿದ್ದರಲ್ಲಿ ನನಗೆ ಹೊಸದಾಗಿ ಕಂಡದ್ದು ಗಾಯಾಳುಗಳನ್ನು ವಿಂಗಡಿಸುವ ಕ್ರಮ. ತುಂಬಾ ಜನ ಬಿದ್ದಿರುವ ಜಾಗಕ್ಕೆ ಹೋದಾಗ ಮೊದಲು ಜೋರಾಗಿ ಕೂಗಬೇಕು, "ನಡೆಯೋಕಾಗೋರು ಇತ್ಲಾಗೆ ಬನ್ನಿ!" ಎದ್ದು ಬಂದವರು ಹಸಿರು ಪಟ್ಟಿಯವರು. ಅವರಿಗೆ ಕಾಯಲು ಆಗುತ್ತದೆ. ತಡಮಾಡಿದರೆ ಹೋಗಿಬಿಡುವವರಿಗೆ ಕೆಂಪು ಪಟ್ಟಿ. ಪೆಟ್ಟು ದೊಡ್ಡದಾದರೂ ಸ್ವಲ್ಪ ಹೊತ್ತು ತಡೆಯುವವರಿಗೆ ಹಳದಿ. ಉಸಿರಿನ ದಾರಿ ಬಿಡಿಸಿದರೂ ಉಸಿರು ಬಾರದವರಿಗೆ ಕಪ್ಪು. "ಜೋರಾಗಿ ಅಳೋರ ಹತ್ರ ಎಲ್ರೂ ಓಡ್ತೀರಿ. ಅಳೋರಿಗೆ ಉಸಿರಿದೆ. ಸುಮ್ನೆ ಬಿದ್ದಿರೋರ ಹತ್ರ ಮೊದ್ಲು ಹೋಗಿ" ಅಂದರು. ಈ ಮಾತನ್ನು ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಬರೆಸಿ ಹಾಕಬೇಕು.

ಆಮೇಲೆ ಎಲ್ಲರೂ ತೋಟಕ್ಕಿಳಿದೆವು. ಸ್ಟ್ರೆಚರ್ ಪಾಠ ಅಲ್ಲೇ. ದಿನದಲ್ಲಿ ಎಲ್ಲರಿಗೂ ಖುಷಿಕೊಟ್ಟ ಪಾಠ ಇದು.

ಕಾಫಿ ತುಂಬುವ ಗೋಣಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ತಳದ ಎರಡು ಮೂಲೆಗಳನ್ನು ಕತ್ತಿಯಿಂದ ಸ್ವಲ್ಪವೇ ಕೊಯ್ಯಬೇಕು, ಗಳ ತೂರುವಷ್ಟು ಮಾತ್ರ. ಹೊಲಿಗೆ ಬಿಚ್ಚಬಾರದು. ಒಂದು ಗೋಣಿಯ ಬಾಯಿ ಇನ್ನೊಂದರ ಬಾಯಿಗೆ ಎದುರಾಗಿ ಬರುವ ಹಾಗೆ ಎರಡು ಗೋಣಿಗಳನ್ನು ಗಳಗಳಿಗೆ ತೂರಿಸಬೇಕು. ಎರಡರ ಬಾಯಿ ನಡುವಿನಲ್ಲಿ ಒಂದರ ಮೇಲೊಂದು ಒಂದು ಗೇಣು ಬರಬೇಕು, ಇಲ್ಲದಿದ್ದರೆ ಸೊಂಟ ಕೆಳಗೆ ಜೋಲುತ್ತದೆ. ಹೊತ್ತವನ ಅಂಗೈಗೆ ಬಿದಿರಿನ ಗಂಟು ಕೊರೆಯದ ಹಾಗೆ ಗಳದ ತುದಿಗೆ ಬಟ್ಟೆ ಸುತ್ತಬೇಕು. ಇಷ್ಟೆಲ್ಲ ಮಾಡುವುದಕ್ಕೆ ಸುಬೇದಾರರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಮಲಗಿಸುವಾಗ ತಲೆ ಹಿಡಿದವರೇ ಯಜಮಾನರು. ಅವರು ‘ಒಂದು, ಎರಡು, ಎತ್ತು’ ಅಂದಾಗ ಮಾತ್ರ ಉಳಿದವರು ಎತ್ತಬೇಕು. ತಲೆ, ಬೆನ್ನು, ಕಾಲು ಒಂದೇ ಹಲಗೆಯಂತೆ ಏಳಬೇಕು.

ಪಕ್ಕದ ಮನೆಯ ಹುಡುಗನನ್ನು ಮಲಗಿಸಿ ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಮೇಲಕ್ಕೆ ಹೊತ್ತೆವು. ತೂಕದ ಹುಡುಗ. ಪ್ರತಿ ಸಿಲ್ವರ್ ಓಕ್ ಮರದ ಹತ್ತಿರ ಕೈ ಬದಲಾಯಿಸಿ ಅಂದರು. ಅರ್ಧ ದಾರಿಗೇ ನನ್ನ ತೋಳು ನಡುಗಿತು. ಹೆಂಗಸರು ಆರು ಜನ ಸೇರಿದರೆ ಸಲೀಸಾಗಿ ಹೊರಬಹುದು, ನಾಲ್ಕು ಜನಕ್ಕೆ ಕಷ್ಟ. ಇದನ್ನು ಹೊತ್ತು ನೋಡಿಯೇ ತಿಳಿಯಬೇಕು. ಯಾವ ವಿಡಿಯೋ ನೋಡಿದರೂ ತಿಳಿಯುವುದಿಲ್ಲ.

ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದಿರುವ ನಾಲ್ಕೈದು ಹುಡುಗರನ್ನೂ ಕರೆದಿದ್ದೆವು. ಇದು ಸುಬೇದಾರರ ಶರತ್ತು. ತೋಟದ ಕೆಲಸಗಾರರಿಲ್ಲದಿದ್ದರೆ ಬರೋದೇ ಇಲ್ಲ ಅಂತ ಫೋನಿನಲ್ಲೇ ಹೇಳಿದ್ದರು. ಏನೇ ನಡೆದರೂ ಮೊದಲು ಕಣ್ಣಿಗೆ ಬೀಳುವುದು ತೋಟದಲ್ಲಿರುವವರಿಗೆ, ಮೊದಲು ಓಡುವವರೂ ಅವರೇ. ಆ ಹುಡುಗರಿಗೆ ಅವರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಲೈನ್‌ಮನೆಯ ಎರವ ಬುಡಕಟ್ಟಿನ ಹೆಂಗಸೊಬ್ಬರು ಗಳಕ್ಕೆ ಬಟ್ಟೆ ಕಟ್ಟಿದ ಗಂಟು ನೋಡಿ ಸುಬೇದಾರರೇ ತಮ್ಮದನ್ನು ಬಿಚ್ಚಿ ಹಾಗೇ ಕಟ್ಟಿಕೊಂಡರು. ಬೇರೆ ಯಾವ ತರಬೇತಿಯಲ್ಲೂ ಇವರನ್ನೆಲ್ಲ ಒಟ್ಟಿಗೆ ಕೂರಿಸಿದ್ದು ನಾನು ಕಂಡಿಲ್ಲ. ಇದೊಂದಕ್ಕೇ ಪೂರ್ತಿ ಅಂಕ ಕೊಡುತ್ತೇನೆ.

ವಿಮಾನ ಬಿದ್ದ ಜಾಗದಲ್ಲಿ ಏನು ಮಾಡಬಾರದು ಅನ್ನೋದನ್ನು ಚುಟುಕಾಗಿ ಹೇಳಿದರು. ಗಾಳಿ ಬೀಸುವ ಕಡೆಯಿಂದ ಹೋಗಿ, ಹೊಗೆಗೆ ಎದುರಾಗಿ ಹೋಗಬೇಡಿ. ಬೀಡಿ ಸಿಗರೇಟು ಹತ್ತಿರ ಬರಬಾರದು. ಬೆಂಕಿ ಇದ್ದರೆ ಬೆನ್ನುಮೂಳೆಯ ಯೋಚನೆ ಬಿಟ್ಟು ಎಳೆದು ಹೊರಗೆ ಹಾಕಿ. ಬೆಂಕಿ ಇಲ್ಲದಿದ್ದರೆ ಅವಸರ ಮಾಡಬೇಡಿ. ಜನರನ್ನು ತೆಗೆಯುವುದಕ್ಕೆ ಎಷ್ಟು ಬೇಕೋ ಅಷ್ಟೇ ಚೂರುಗಳನ್ನು ಸರಿಸಿ, ಉಳಿದದ್ದು ಬಿದ್ದಲ್ಲೇ ಇರಲಿ. ಪೈಲಟ್‌ಗಳ ಮಾತೆಲ್ಲ ದಾಖಲಾಗುವ ಪೆಟ್ಟಿಗೆಗೆ ಕಪ್ಪು ಪೆಟ್ಟಿಗೆ ಅನ್ನುತ್ತಾರೆ, ಆದರೆ ಅದರ ಬಣ್ಣ ಕಿತ್ತಳೆ. ಕಂಡರೆ ಮುಟ್ಟದೆ ಪೊಲೀಸರಿಗೆ ತೋರಿಸಿ.

ಆ ಪೆಟ್ಟಿಗೆ ಯಾಕೆ ಮುಖ್ಯ ಅನ್ನೋದಕ್ಕೆ ಮಂಗಳೂರಿನದನ್ನೇ ಹೇಳಿದರು. 2010ರ ಮೇ 22, ಬೆಳಿಗ್ಗೆ ಆರು ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ತೀರಿಕೊಂಡವರು 158. ಏರ್ ಮಾರ್ಷಲ್ ಗೋಖಲೆ ಅವರ ನೇತೃತ್ವದ ತನಿಖೆಯಲ್ಲಿ ಆ ಪೆಟ್ಟಿಗೆಯ ಧ್ವನಿ ಕೇಳಿದಾಗ, ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದು ಗೊತ್ತಾಯಿತು. ಅದು ಸಿಗದೇ ಇದ್ದಿದ್ದರೆ ಆ ಮಾತು ಅವರ ಜೊತೆಯೇ ಹೋಗುತ್ತಿತ್ತು.

ಮಂಗಳೂರಿನ ಮಾತು ಬಂದಾಗ ನಮ್ಮಲ್ಲಿ ತುಂಬ ಜನಕ್ಕೆ ಅದು ದೂರದ ಸುದ್ದಿಯಾಗಿರಲಿಲ್ಲ. ಸಂಪಾಜೆ ಘಾಟಿ ಇಳಿದು ಬಜ್ಪೆಗೆ ಹೋಗಿ ಗಂಡನನ್ನೋ ಮಗನನ್ನೋ ದುಬೈಗೆ ಹತ್ತಿಸಿ ಬಂದವರು ನಾವು. ನನ್ನ ಮೈದುನ ಅದೇ ದಾರಿಯಲ್ಲಿ ಎಷ್ಟೋ ಸಲ ಬಂದಿದ್ದಾನೆ. ಆ ಬೆಳಿಗ್ಗೆ ಅತ್ತೆ ಟಿವಿ ಮುಂದಿನಿಂದ ಏಳಲಿಲ್ಲ. ಅವನು ಆ ವಿಮಾನದಲ್ಲಿಲ್ಲ ಅಂತ ಗೊತ್ತಿದ್ದರೂ ಏಳಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಬಿದಿರು ಕಣಿಲೆ ಪಲ್ಯ, ಮಜ್ಜಿಗೆ. ಅದು ನಾವೇ ಮಾಡಿದ್ದು, ಅದಕ್ಕೆ ನಾನು ಅಂಕ ಕೊಡುವ ಹಾಗಿಲ್ಲ.

ಊಟದ ನಂತರ ರಕ್ತದಾನದ ಬಗ್ಗೆ ನರ್ಸ್ ಮಾತಾಡಿದರು. 2020ರ ಆಗಸ್ಟ್ 7ರ ರಾತ್ರಿ ಕರಿಪುರದಲ್ಲಿ ವಿಮಾನ ರನ್‌ವೇ ದಾಟಿ ಬಿದ್ದು ತುಂಡಾದಾಗ ಕೋವಿಡ್ ಕಾಲ, ಜೋರು ಮಳೆ. ಆ ಕಡೆ ಕಂಟೈನ್‌ಮೆಂಟ್ ಬೇರೆ. ಆದರೂ ಕೊಂಡೋಟಿಯ ಸುತ್ತಮುತ್ತಲಿನ ಜನ ಹಿಂದೆ ಮುಂದೆ ನೋಡಲಿಲ್ಲ. ಗಾಯಾಳುಗಳನ್ನು ಸಿಕ್ಕ ಕಾರು, ಆಟೋಗಳಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ರಾತ್ರಿಯೇ ರಕ್ತ ಕೊಡಲು ಸಾಲುಗಟ್ಟಿ ನಿಂತರು. 190 ಜನರಿದ್ದ ಆ ವಿಮಾನದಲ್ಲಿ 21 ಜನ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ. ಉಳಿದವರು ಉಳಿದದ್ದರಲ್ಲಿ ಆ ಊರಿನವರ ಪಾಲು ದೊಡ್ಡದು. ಕಾಪಾಡಿದವರೆಲ್ಲ ಆಮೇಲೆ ಕ್ವಾರಂಟೈನ್‌ನಲ್ಲಿ ಕೂತರು. ಎರಡು ವರ್ಷದ ನಂತರ ಬದುಕುಳಿದವರೂ ತೀರಿಕೊಂಡವರ ಮನೆಯವರೂ ಹಣ ಕೂಡಿಸಿ, ಓಡಿ ಬಂದ ಆ ಊರಿನ ಆರೋಗ್ಯ ಕೇಂದ್ರಕ್ಕೆ ಕಟ್ಟಡ ಕಟ್ಟಿಸಿಕೊಡಲು ಮುಂದೆ ಬಂದರು. ಇದನ್ನು ಹೇಳುವಾಗ ನರ್ಸ್ ಅವರ ಗಂಟಲು ಕಟ್ಟಿತು. ನಮ್ಮದೂ.

ಆ ಅಪಘಾತ ನಡೆದ ಹಿಂದಿನ ದಿನವೇ ನಮ್ಮ ತಲಕಾವೇರಿಯಲ್ಲಿ ಬ್ರಹ್ಮಗಿರಿ ಜರಿದು ಅರ್ಚಕರ ಮನೆ ಮಣ್ಣಡಿ ಸೇರಿತ್ತು. ಒಂದೇ ವಾರದ ಮಳೆ. ನಾವು ಟಿವಿಯಲ್ಲಿ ಒಂದು ಚಾನೆಲ್‌ನಲ್ಲಿ ಅದನ್ನು, ಇನ್ನೊಂದರಲ್ಲಿ ಇದನ್ನು ನೋಡುತ್ತಿದ್ದೆವು.

ಆದರೆ ನರ್ಸ್ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿದರು. ಅವತ್ತು ಜೀವ ಉಳಿಸುವುದು ಅವತ್ತು ಕೊಟ್ಟ ರಕ್ತಕ್ಕಿಂತ ಜಾಸ್ತಿ, ಮೊದಲೇ ಬ್ಲಡ್ ಬ್ಯಾಂಕಿನಲ್ಲಿ ಇಟ್ಟಿದ್ದ ರಕ್ತ. ತಗೊಂಡ ರಕ್ತವನ್ನು ಪರೀಕ್ಷೆ ಮಾಡಲು ಹೊತ್ತು ಬೇಕು, ಇಡಲೂ ಮಿತಿ ಇದೆ. ಎಲ್ಲರೂ ಒಂದೇ ದಿನ ಕೊಟ್ಟರೆ ಮುಂದಿನ ಮೂರು ತಿಂಗಳು ಗಂಡಸರು, ನಾಲ್ಕು ತಿಂಗಳು ಹೆಂಗಸರು ಮತ್ತೆ ಕೊಡುವ ಹಾಗಿಲ್ಲ. ಅದಕ್ಕೆ ಊರಿನಲ್ಲಿ ಯಾರದು ಯಾವ ಗುಂಪು ಅಂತ ಪಟ್ಟಿ ಮಾಡಿ, ಸರದಿ ಪ್ರಕಾರ ವರ್ಷವಿಡೀ ಕೊಡಿ ಅಂದರು. ನಮ್ಮ ಸಂಘದ ಪಟ್ಟಿ ಅಲ್ಲೇ ಕೂತು ಬರೆದೆವು. ಇದು ತರಬೇತಿಯಿಂದ ನಮಗೆ ಸಿಕ್ಕ ನೇರ ಲಾಭ.

ಈಗ ಹೆಡ್‌ಮಾಸ್ಟರ್ ಪಾಠ. ಅವರು ತಂದಿದ್ದು ಒಂದು ಉದ್ದ ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ಸಿಲ್. ಮಳೆಯಲ್ಲಿ ಪೆನ್ನಿನ ಇಂಕು ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ, ಅದಕ್ಕೆ ಪೆನ್ಸಿಲ್. ಪುಟದಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು ಕಾಲಂ ಮಾಡಿದ್ದರು. ಕ್ರಮಸಂಖ್ಯೆ. ಗಂಡೋ ಹೆಣ್ಣೋ ಮಗುವೋ. ಎಲ್ಲಿ ಸಿಕ್ಕರು. ಹೆಸರು ಹೇಳಿದರೇ. ಮೈಮೇಲೆ ಏನಿತ್ತು: ಬಳೆ, ತಾಳಿ, ವಾಚು, ಅಂಗಿಯ ಬಣ್ಣ. ಯಾವ ಗಾಡಿಯಲ್ಲಿ ಕಳಿಸಿದಿರಿ, ಗಾಡಿಯ ನಂಬರ್ ಏನು. ಯಾವ ಆಸ್ಪತ್ರೆಗೆ. ಎಷ್ಟು ಹೊತ್ತಿಗೆ. ಅದೇ ಕ್ರಮಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಗಾಯಾಳುವಿನ ಕೈಗೆ ಕಟ್ಟಬೇಕು.

"ಓಡೋ ಕಾಲು ಊರಲ್ಲಿ ಬೇಕಾದಷ್ಟಿದೆ. ಬರೆಯೋ ಕೈ ಒಂದಾದ್ರೂ ಬೇಕು" ಅಂದರು.

ಕರಿಪುರದಲ್ಲಿ ಅಪ್ಪ ಅಮ್ಮ ಒಂದು ಆಸ್ಪತ್ರೆ, ಮಗು ಇನ್ನೊಂದು ಆಸ್ಪತ್ರೆ ಆದಾಗ, ಮಕ್ಕಳ ಫೋಟೋ ವಾಟ್ಸಾಪ್‌ನಲ್ಲಿ ಹಾಕಿ ಮನೆಯವರನ್ನು ಹುಡುಕಬೇಕಾಯಿತು. ಮಂಗಳೂರಿನಲ್ಲಿ ಮೈ ಗುರುತೇ ಸಿಗದ ಹಾಗೆ ಸುಟ್ಟುಹೋಗಿ ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು. ಕೊನೆಗೂ ಗುರುತು ಸಿಗದ 12 ಜನರನ್ನು ಕೂಳೂರಿನ ಬಳಿ ಫಲ್ಗುಣಿ ನದಿ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಅಲ್ಲಿ ಈಗ ಸ್ಮಾರಕ ಉದ್ಯಾನ ಇದೆ. ಪ್ರತಿ ಮೇ 22ಕ್ಕೆ ಜಿಲ್ಲಾಡಳಿತದವರು, ಮನೆಯವರು ಬಂದು ಹೂವಿಡುತ್ತಾರೆ. ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ವಿಮಾನ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದವರಲ್ಲಿ ಒಬ್ಬರೇ ಉಳಿದರು. ನೆಲದ ಮೇಲಿದ್ದವರೂ ಸೇರಿ 260 ಜನ ತೀರಿಕೊಂಡರು. ಅಲ್ಲೂ ಮನೆಯವರು ಡಿಎನ್‌ಎಗಾಗಿ ದಿನಗಟ್ಟಲೆ ಕಾದರು.

ಪರಿಹಾರದ ವಿಷಯಕ್ಕೂ ಈ ಬರಹ ಬೇಕು. ಮಂಗಳೂರಿನ ಆ ವಿಮಾನದಲ್ಲಿ ತೀರಿಕೊಂಡ ಒಬ್ಬರ ಕುಟುಂಬಕ್ಕೆ 7.64 ಕೋಟಿ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಹತ್ತು ವರ್ಷ ಬೇಕಾಯಿತು. ಅಷ್ಟು ವರ್ಷ ಕಾಗದ ಹಿಡಿದು ಓಡಾಡುವವರಿಗೆ ಮೊದಲ ದಿನದ ಒಂದು ಸಾಲು ಎಷ್ಟು ದೊಡ್ಡದು ಅಂತ ಯೋಚಿಸಿ ನೋಡಿ.

ಇದು ನನ್ನ ಎದೆಗೆ ತಾಗಲು ನನ್ನದೇ ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ನಮ್ಮ ಚಿಕ್ಕಮ್ಮ ಜೋಡುಪಾಲದ ಕಡೆ ಇದ್ದರು. ಫೋನಿಲ್ಲ, ಕರೆಂಟಿಲ್ಲ, ಸಂಪಾಜೆ ರಸ್ತೆ ಹೋಗಿಬಿಟ್ಟಿತ್ತು. ನಾವು ಮಡಿಕೇರಿಯ ಪರಿಹಾರ ಕೇಂದ್ರಗಳಲ್ಲಿ ಒಂದೊಂದೇ ಹುಡುಕಿದೆವು. ಪ್ರತಿ ಕಡೆ ಅಕ್ಕಿ ಇತ್ತು, ಬಿಸ್ಕೆಟ್ ಇತ್ತು, ಹಳೇ ಬಟ್ಟೆಯ ರಾಶಿ ಮೂಟೆ ಮೂಟೆ ಇತ್ತು. ಒಳಗೆ ಯಾರ್ಯಾರಿದ್ದಾರೆ ಅನ್ನೋ ಪಟ್ಟಿ ಮಾತ್ರ ಎಲ್ಲ ಕಡೆ ಇರಲಿಲ್ಲ. ಬಾಗಿಲಲ್ಲಿ ನಿಂತು ಹೆಸರು ಕೂಗಬೇಕಿತ್ತು. ಚಿಕ್ಕಮ್ಮ ಇದ್ದಿದ್ದು ಘಾಟಿಯ ಕೆಳಗೆ, ಅರಂತೋಡಿನ ಕಡೆ. ಯಾರೋ ಪುಣ್ಯಾತ್ಮರು ಅವರನ್ನೆಲ್ಲ ಕೆಳಕ್ಕೆ ಇಳಿಸಿಕೊಂಡು ಹೋಗಿದ್ದರು. ಅದು ನಮಗೆ ಗೊತ್ತಾಗಿದ್ದು ಮಾರನೇ ದಿನ ಸಂಜೆ. ಅಷ್ಟು ಹೊತ್ತು ನನ್ನ ತಾಯಿ ಪಟ್ಟ ಸಂಕಟ ಯಾರಿಗೂ ಬೇಡ. ಜೀವ ಉಳಿಸಿದವರ ಮೇಲೆ ನನಗೆ ಬೇಸರ ಇಲ್ಲ, ಜನ್ಮಪೂರ್ತಿ ಋಣ ಇದೆ. ಅವರ ಜೊತೆ ಒಬ್ಬರು ಪೆನ್ಸಿಲ್ ಹಿಡಿದು ನಿಂತಿದ್ದರೆ ಅಂತ ಅನಿಸುತ್ತದೆ ಅಷ್ಟೇ.

ಇಷ್ಟು ಮುಖ್ಯವಾದ ಪಾಠಕ್ಕೆ ತರಬೇತಿಯಲ್ಲಿ ಕೊಟ್ಟಿದ್ದು ಬರೀ ಕಾಲು ಗಂಟೆ! ನನ್ನ ದೊಡ್ಡ ದೂರು ಇದು. ಸ್ಟ್ರೆಚರ್‌ಗೆ ಒಂದೂವರೆ ಗಂಟೆ ಕೊಟ್ಟವರು ರಿಜಿಸ್ಟರ್‌ಗೆ ಕನಿಷ್ಠ ಒಂದು ಗಂಟೆ ಕೊಡಬೇಕಿತ್ತು. ನಾವು ಒಬ್ಬರೂ ಕೂತು ಬರೆದು ನೋಡಲಿಲ್ಲ. ಗಲಾಟೆಯಲ್ಲಿ, ಮಳೆಯಲ್ಲಿ, ನಾಲ್ಕು ಜನ ಒಟ್ಟಿಗೆ ಕೂಗುವಾಗ ಬರೆಯುವುದು ಸುಲಭವಾ? ಅದನ್ನೂ ಮಾಡಿಸಿಯೇ ಕಲಿಸಬೇಕು, ಗೋಣಿ ಕಟ್ಟಿಸಿದ ಹಾಗೆ.

ಇನ್ನೊಂದು ಕೊರತೆ ಆಮೇಲಿನ ದಿನಗಳದ್ದು. ಮೊದಲ ಒಂದು ಗಂಟೆಯ ಬಗ್ಗೆ ಇವರಿಗೆ ಎಲ್ಲ ಗೊತ್ತು. ಮೊದಲ ಒಂದು ತಿಂಗಳ ಬಗ್ಗೆ ಸುಮ್ನೆ ಮುಟ್ಟಿ ಹೋಗುತ್ತಾರೆ. ಹೆಡ್‌ಮಾಸ್ಟರ್ ಕೊನೆಯಲ್ಲಿ ಲಾಕರ್ಬಿ ಅನ್ನೋ ಊರಿನ ಮಾತು ತೆಗೆದರು. ಸ್ಕಾಟ್ಲೆಂಡಿನ ಚಿಕ್ಕ ಊರು. 1988ರ ಡಿಸೆಂಬರ್ 21ರ ರಾತ್ರಿ ವಿಮಾನದಲ್ಲಿ ಬಾಂಬ್ ಸಿಡಿದು ಆ ಊರಿನ ಮೇಲೆ ಬಿತ್ತು. ಸತ್ತವರು 270, ಅದರಲ್ಲಿ ಊರಿನವರೇ 11. ಹೊಲದಲ್ಲಿ, ಬೇಲಿಯಲ್ಲಿ, ಮರದಲ್ಲಿ ಪ್ರಯಾಣಿಕರ ಬಟ್ಟೆಗಳು ಹರಡಿದ್ದವು. ಆ ಊರಿನ ಹೆಂಗಸರು ಆ ಬಟ್ಟೆಗಳನ್ನು ಒಗೆದರು. ಇಸ್ತ್ರಿ ಮಾಡಿದರು. ಮಡಚಿ ಸತ್ತವರ ಮನೆಗಳಿಗೆ ಕಳಿಸಿದರು. ಯಾರೂ ಹೇಳಿದ್ದಲ್ಲ, ಯಾರೂ ದುಡ್ಡು ಕೊಟ್ಟಿದ್ದಲ್ಲ. ಮಗಳ ಅಂಗಿ ಮಣ್ಣು ರಕ್ತ ಮೆತ್ತಿಕೊಂಡೇ ತಾಯಿ ಕೈ ಸೇರಬಾರದು ಅಂತ.

ಹೆಡ್‌ಮಾಸ್ಟರ್ ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ನನಗೆ ಕೇಳಬೇಕಾಗಿದ್ದ ಪ್ರಶ್ನೆ ಎಷ್ಟೋ ಇದ್ದವು. ನಾನು ಹೋಂಸ್ಟೇ ನಡೆಸುವವಳು, ದಿನಾ ಬೇರೆಯವರು ಹೊದ್ದ ಹೊದಿಕೆ ಒಗೆಯುವವಳು. ಅಪರಿಚಿತರ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಏನೇನು ಸಿಗುತ್ತದೆ ಅಂತ ನನಗೆ ಗೊತ್ತು. ಬಸ್ ಟಿಕೆಟ್, ಹೇರ್‌ಪಿನ್, ಅರ್ಧ ತಿಂದ ಚಾಕೊಲೇಟ್. ಸತ್ತುಹೋದವರ ಜೇಬಿನಲ್ಲಿ ಅವು ಸಿಕ್ಕರೆ ಎತ್ತಿಡಬೇಕಾ, ಒಗೆಯಬೇಕಾ, ಯಾರಿಗೆ ಕೊಡಬೇಕು? ಪೊಲೀಸರು ನೋಡುವ ಮೊದಲು ಒಗೆದರೆ ತನಿಖೆಗೆ ತೊಂದರೆ ಆಗುವುದಿಲ್ಲವಾ? ಇದಕ್ಕೆಲ್ಲ ಉತ್ತರ ಬೇಕಿತ್ತು. 2018ರಲ್ಲಿ ನಮ್ಮ ಪಕ್ಕದವರ ಗದ್ದೆಯಲ್ಲಿ ಒಂದು ಟ್ರಂಕು ಬಂದು ನಿಂತಿತ್ತು. ಒಳಗೆ ಮದುವೆಯ ರೇಷ್ಮೆ ಸೀರೆ, ಒಂದು ಫೋಟೋ ಆಲ್ಬಮ್. ಯಾರದು ಅಂತ ವಿಚಾರಿಸುವ ವ್ಯವಸ್ಥೆಯೇ ಇರಲಿಲ್ಲ. ಅವರು ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟುಕೊಂಡಿದ್ದರು. ಇಂಥದ್ದನ್ನು ಯಾರ ಹತ್ತಿರ ಇಡುವುದು, ಎಲ್ಲಿ ಬರೆದು ಹಾಕುವುದು ಅನ್ನೋ ಪಾಠ ನಮಗೆ ಬೇಕು.

ಕಾಪಾಡಲು ಹೋದವರ ಮನಸ್ಸಿನ ಬಗ್ಗೆಯೂ ಹೇಳಿದ್ದು ಕಡಿಮೆ. ನಿದ್ದೆ ಬಾರದಿದ್ದರೆ, ವಾಸನೆ ಮೂಗಿನಿಂದ ಹೋಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂದರು. ಅದು ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಕೊಟ್ಟಿದ್ದು ಒಳ್ಳೆಯದಾಯಿತು. ಆದರೆ ನಮ್ಮ ಗಂಡಸರು ಫೋನ್ ಮಾಡುವವರಲ್ಲ. ಸಂಜೆ ಕುಡಿದು ಮಲಗುವವರು. ಇದರ ಬಗ್ಗೆ ಸುಬೇದಾರರೇ ಮಾತಾಡಿದರೆ ಕೇಳುತ್ತಾರೆ. ಸೇನೆಯವರು ಹೇಳಿದ ಮಾತಿಗೆ ಇಲ್ಲಿ ಬೆಲೆ ಜಾಸ್ತಿ.

ಮುಗಿದ ಮೇಲೆ ಈ ಮೂರೂ ವಿಷಯವನ್ನು ಅವರ ಮುಂದೆ ಇಟ್ಟೆವು. ಹೆಡ್‌ಮಾಸ್ಟರ್‌ಗೆ ಖುಷಿಯಾಯಿತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸುಬೇದಾರರು ಸ್ವಲ್ಪ ಹೊತ್ತು ಯೋಚಿಸಿ, ಒಂದೇ ದಿನದಲ್ಲಿ ಎಲ್ಲ ಹಿಡಿಸುವುದಿಲ್ಲ, ಬೇಕಾದರೆ ರಿಜಿಸ್ಟರ್ ಮತ್ತು ಆಮೇಲಿನ ದಿನಗಳಿಗೆ ಅಂತ ಇನ್ನೊಂದು ಅರ್ಧ ದಿನ ಬೇರೆಯೇ ಇಡುತ್ತೇವೆ, ಅದಕ್ಕೆ ದುಡ್ಡು ಬೇಡ ಅಂದರು. ನಾವು ಬಿಡಲಿಲ್ಲ, ದಿನ ಹೇಳಿಸಿಕೊಂಡೇ ಕಳಿಸಿದೆವು. ಮೇ ಕೊನೆಯ ಭಾನುವಾರ, ಮಳೆ ಹಿಡಿಯುವ ಮೊದಲು.

ಕರೆಸುವವರಿಗೆ ಕೆಲವು ಮಾತು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಇಡಬೇಡಿ, ಜನ ಸಿಗುವುದಿಲ್ಲ. ತೋಟದ ಕೆಲಸಗಾರರ 300 ರೂಪಾಯಿಯನ್ನು ತೋಟದವರೇ ಕೊಡಲಿ, ಅವತ್ತಿನ ಕೂಲಿಯನ್ನೂ ಕೊಡಲಿ. ಪಿಕಪ್, ಜೀಪು ಓಡಿಸುವವರನ್ನು ತಪ್ಪದೇ ಕರೆಯಿರಿ, ಗಾಯಾಳುಗಳನ್ನು ಸಾಗಿಸುವವರು ಅವರೇ. ಹೈಸ್ಕೂಲ್ ಮಕ್ಕಳಲ್ಲಿ ಅಕ್ಷರ ದುಂಡಾಗಿರುವ ಇಬ್ಬರನ್ನು ರಿಜಿಸ್ಟರ್‌ಗೆ ಅಂತಲೇ ಕೂರಿಸಿ. ಇನ್ನೊಂದು ಬೊಂಬೆ ತರುತ್ತೀರಾ ಅಂತ ಬುಕ್ ಮಾಡುವಾಗಲೇ ಕೇಳಿ. ನಮಗೆ ತರುತ್ತೇವೆ ಅಂದಿದ್ದಾರೆ.